ಹೊನಗೊನೆ ಸೊಪ್ಪು: ಕಾಲುವೆಯಂಚಿನಿಂದ ಮನೆಯಂಗಳಕ್ಕೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ತಾಲ್ಲೂಕುಗಳ ಗದ್ದೆ ಬಯಲಿನಲ್ಲಿ ಓಡಾಡಿದವರಿಗೆ ಹೊನಗೊನೆ ಸೊಪ್ಪಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಾಲುವೆಯ ಅಂಚು, ಗದ್ದೆಯ ಬದು, ಕೆರೆಯ ದಡ – ನೀರಿನ ಪಸೆ ಇರುವಲ್ಲೆಲ್ಲ ಇದು ನೆಲಕ್ಕೆ ಒರಗಿ ಹರಡುತ್ತದೆ. ಬಸ್ಸಾರಿಗೆ, ಮಸ್ಸೊಪ್ಪಿಗೆ, ಬೆರಕೆ ಸೊಪ್ಪಿನ ಸಾರಿಗೆ ಇದನ್ನು ಕಿತ್ತು ತರುವ ರೂಢಿ ನಮ್ಮಲ್ಲಿ ಹಳೆಯದು. ಮುದ್ದೆಯ ಜೊತೆಗೆ ಇದಕ್ಕಿಂತ ಬೇರೆ ಬೇಡ ಎನ್ನುವವರೂ ಇದ್ದಾರೆ. ಆದರೆ ನೀರಿನ ಅಂಚಿನಲ್ಲಿ ಬೆಳೆಯುವ ಸೊಪ್ಪು ಎಷ್ಟು ಶುದ್ಧ? ಅದನ್ನು ಮನೆಯಲ್ಲೇ ಬೆಳೆಸಬಹುದೆ? ಬೆಳೆಸುವುದಾದರೆ ಎಂಥ ನೀರು ಬೇಕು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಸಸ್ಯಶಾಸ್ತ್ರದ ಜೊತೆಗೆ ಸ್ವಲ್ಪ ಭೌತಶಾಸ್ತ್ರವೂ ಬೇಕಾಗುತ್ತದೆ.

ಗುರುತಿಸುವುದು ಹೇಗೆ?

ಹೊನಗೊನೆಯ ವೈಜ್ಞಾನಿಕ ಹೆಸರು ಆಲ್ಟರ್ನಾಂಥೆರ ಸೆಸಿಲಿಸ್. ದಂಟು, ಹರಿವೆಗಳ ಕುಟುಂಬಕ್ಕೆ ಸೇರಿದ ಸಸ್ಯ. ಎಲೆಗಳು ಕಾಂಡದ ಮೇಲೆ ಎದುರುಬದುರಾಗಿರುತ್ತವೆ. ಬಿಳಿಯ ಪುಟ್ಟ ಹೂಗೊಂಚಲುಗಳು ತೊಟ್ಟಿಲ್ಲದೆ ಎಲೆಯ ಕಂಕುಳಲ್ಲೇ ಕುಳಿತಿರುತ್ತವೆ. 'ಸೆಸಿಲಿಸ್' ಎಂದರೆ ತೊಟ್ಟಿಲ್ಲದ್ದು ಎಂದೇ ಅರ್ಥ. ಇದೇ ಜಾತಿಯ ಅಲಿಗೇಟರ್ ಕಳೆ ಎಂಬ ಪರದೇಶಿ ಸಸ್ಯವೂ ನೀರಿನಲ್ಲಿ ಬೆಳೆಯುತ್ತದೆ. ಅದರ ಹೂಗೊಂಚಲಿಗೆ ಉದ್ದನೆಯ ತೊಟ್ಟಿರುತ್ತದೆ. ಈ ವ್ಯತ್ಯಾಸ ಗಮನಿಸಿದರೆ ಎರಡನ್ನೂ ಬೇರೆ ಮಾಡಬಹುದು.

ಸೊಪ್ಪು ಹೊತ್ತು ತರುವ ಹೊರೆ

ಯೂರೋಪಿನಲ್ಲಿ ಇಂಥದೇ ಜಾಗದಲ್ಲಿ ಬೆಳೆಯುವ ಇನ್ನೊಂದು ಸೊಪ್ಪಿದೆ, ಹೆಸರು ವಾಟರ್‌ಕ್ರೆಸ್. ಅದು ಸಾಸಿವೆಯ ಕುಟುಂಬದ್ದು, ಅಗಿದರೆ ಖಾರವಾಗಿರುತ್ತದೆ. ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ವಿಲಿಯಂ ಬ್ರಾಡ್‌ಬರಿ ಎಂಬಾತ 1808ರಲ್ಲಿ ಅದರ ವಾಣಿಜ್ಯ ಕೃಷಿ ಆರಂಭಿಸಿದ. ಅಲ್ಲಿನವರು ಅದನ್ನು ಹಸಿಯಾಗಿಯೇ ತಿನ್ನುತ್ತಾರೆ. ದನ-ಕುರಿ ಮೇಯುವ ತೇವದ ಬಯಲಿನಲ್ಲಿ ತಾನಾಗಿ ಬೆಳೆದ ವಾಟರ್‌ಕ್ರೆಸ್ ತಿಂದವರಿಗೆ ಯಕೃತ್ತಿನ ಚಪ್ಪಟೆಹುಳು ತಗಲುವುದುಂಟು. ಆ ಹುಳುವಿನ ಮರಿಗಳು ನೀರಿನ ಬಸವನಹುಳುವಿನೊಳಗೆ ಬೆಳೆದು, ಹೊರಬಂದು, ಎಲೆಗೆ ಅಂಟಿ ಕೂರುತ್ತವೆ. ಹೀಗಾಗಿ ವಾಟರ್‌ಕ್ರೆಸ್ ಕೃಷಿಗೆ ಶುದ್ಧವಾದ ಬುಗ್ಗೆಯ ನೀರೇ ಬೇಕು.

ಈ ಗುಂಪಿನ ಹುಳು ನಮ್ಮ ದನ-ಎಮ್ಮೆಗಳಲ್ಲೂ ಇದೆ. ನಾವು ಹೊನಗೊನೆಯನ್ನು ಬೇಯಿಸಿ ತಿನ್ನುವುದರಿಂದ ಹುಳು, ರೋಗಾಣುಗಳು ಸಾಯುತ್ತವೆ. ಇದು ನಮ್ಮ ಅಡುಗೆಯ ಪದ್ಧತಿ ನಮಗೆ ಕೊಟ್ಟಿರುವ ರಕ್ಷಣೆ. ಆದರೆ ಕುದಿಯುವ ನೀರು ಎಲ್ಲವನ್ನೂ ನಾಶ ಮಾಡಲಾರದು. ಚರಂಡಿ ಅಥವಾ ಕಾರ್ಖಾನೆಯ ನೀರು ಸೇರುವ ಕಡೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳಿದ್ದರೆ ಸಸ್ಯ ಅವನ್ನು ಬೇರಿನ ಮೂಲಕ ಹೀರಿಕೊಳ್ಳುತ್ತದೆ. ಹೀಗೆ ಒಳಸೇರಿದ್ದು ತೊಳೆದರೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ.

ಕಾರಣ ಸರಳ. ಒಂದು ಗ್ರಾಂ ಒಣತೂಕ ಬೆಳೆಸಿಕೊಳ್ಳಲು ಸಸ್ಯವು ನೂರಾರು ಗ್ರಾಂ ನೀರನ್ನು ಬೇರಿನಿಂದ ಎಳೆದು ಎಲೆಯಿಂದ ಆವಿಯಾಗಿ ಬಿಡುತ್ತದೆ. ಇದೇ ಬಾಷ್ಪವಿಸರ್ಜನೆ. ಹೊರಹೋಗುವುದು ನೀರು ಮಾತ್ರ. ಅದರೊಡನೆ ಒಳಬಂದ ಲವಣಗಳು ಉಳಿಯುತ್ತವೆ. ಬೇರು ಒಂದು ಮಟ್ಟಿಗೆ ಸೋಸುತ್ತದೆ ನಿಜ; ಆದರೆ ಪೂರ್ತಿಯಾಗಿ ಅಲ್ಲ. ಆದ್ದರಿಂದ ಯಾವ ನೀರಿನಲ್ಲಿ ಬೆಳೆದ ಸೊಪ್ಪು ಎಂಬುದು ನಮಗೆ ಗೊತ್ತಿರಬೇಕು. ಮನೆಯಲ್ಲಿ ಬೆಳೆಸುವುದರ ಮುಖ್ಯ ಲಾಭ ಇದೇ.

ಬೇರಿಗೂ ಉಸಿರು ಬೇಕು

'ನೀರಿನ ಸೊಪ್ಪು ತಾನೆ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟರೆ ಸಾಕು' ಎಂದುಕೊಂಡರೆ ತಪ್ಪಾಗುತ್ತದೆ. ಕೆಲವೇ ದಿನಗಳಲ್ಲಿ ತಳದ ಬೇರುಗಳು ಕಪ್ಪಾಗಿ ಕೊಳೆತು ನಾರಬಹುದು. ಬೇರಿನ ಜೀವಕೋಶಗಳೂ ಉಸಿರಾಡುತ್ತವೆ. ಅವಕ್ಕೂ ಆಕ್ಸಿಜನ್ ಬೇಕು.

25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಕ್ಸಿಜನ್ ಇರುತ್ತದೆ. ಒಂದು ಲೀಟರ್ ನೀರಿನಲ್ಲಿ ಕರಗಿರಬಲ್ಲದ್ದು ಸುಮಾರು 8 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಇದು ಇನ್ನೂ ಕಡಿಮೆ: 20 ಡಿಗ್ರಿಯಲ್ಲಿ 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.5 ಮಿಲಿಗ್ರಾಂ.

ಇದಕ್ಕಿಂತ ಮುಖ್ಯವಾದದ್ದು ಆಕ್ಸಿಜನ್ ಚಲಿಸುವ ವೇಗ. ನಿಂತ ನೀರಿನಲ್ಲಿ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ಅಡ್ಡಾದಿಡ್ಡಿಯಾಗಿ ಸರಿಯುತ್ತಾ ಹರಡಬೇಕು. ಇದಕ್ಕೆ ವಿಸರಣೆ ಎಂದು ಹೆಸರು. ಗಾಳಿಯಲ್ಲಿ ವಿಸರಣೆಯಿಂದ ಒಂದು ಸೆಂಟಿಮೀಟರ್ ದೂರ ಸಾಗಲು ಆಕ್ಸಿಜನ್‌ಗೆ ಎರಡೂವರೆ ಸೆಕೆಂಡ್ ಸಾಕು. ನೀರಿನಲ್ಲಿ ಅಷ್ಟೇ ದೂರಕ್ಕೆ ಇದರ ಹತ್ತು ಸಾವಿರ ಪಟ್ಟು, ಅಂದರೆ ಸುಮಾರು ಏಳು ಗಂಟೆ ಬೇಕು. ಅಷ್ಟೇ ಅಲ್ಲ, ವಿಸರಣೆಯಲ್ಲಿ ದೂರ ಎರಡರಷ್ಟಾದರೆ ಕಾಲ ನಾಲ್ಕರಷ್ಟಾಗುತ್ತದೆ. ದೂರ ಹತ್ತರಷ್ಟಾದರೆ ಕಾಲ ನೂರರಷ್ಟು! ಹೀಗಾಗಿ ಅಲ್ಲಾಡದ ನೀರಿನಲ್ಲಿ 10 ಸೆಂಟಿಮೀಟರ್ ಆಳಕ್ಕೆ ಆಕ್ಸಿಜನ್ ತಲಪಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಬೇರು ಅಷ್ಟು ದಿನ ಕಾಯಲಾರದು.

ಹರಿಯುವ ಕಾಲುವೆಯಲ್ಲಿ ಈ ತೊಡಕಿಲ್ಲ. ಅಲ್ಲಿ ಸುಳಿಗಳು ಮೇಲಿನ ನೀರನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ತಿರುವಿ ಹಾಕುತ್ತಿರುತ್ತವೆ. ಇನ್ನು ಹೊನಗೊನೆಯು ಗೆಣ್ಣುಗೆಣ್ಣಿನಿಂದಲೂ ಹೊಸ ಬೇರು ಬಿಟ್ಟು, ನೀರಿನ ಮೇಲ್ಮೈಗೆ ಹತ್ತಿರವಾಗಿಯೇ ಆಕ್ಸಿಜನ್ ಪಡೆಯುತ್ತದೆ. ಈ ಗುಣವನ್ನೇ ನಾವು ಬಳಸಿಕೊಳ್ಳಬೇಕು.

ಬೆಳೆಸುವ ಕ್ರಮ

ಸುಮಾರು 40 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ, 12 ಸೆಂ.ಮೀ. ಆಳದ ಒಂದು ಟ್ರೇ ತೆಗೆದುಕೊಳ್ಳಿ. ತಳದಿಂದ 5 ಸೆಂ.ಮೀ. ಎತ್ತರದಲ್ಲಿ ಪಕ್ಕಕ್ಕೆ ಒಂದೆರಡು ತೂತು ಮಾಡಿ. ಹೆಚ್ಚಾದ ನೀರು ಅಲ್ಲಿಂದ ಹೊರಹೋಗುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ 10 ಸೆಂ.ಮೀ. ತುಂಬಿ. ಹಸಿ ಸಗಣಿ ಹಾಕಬೇಡಿ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಬೇರಿನ ಪಾಲಿನ ಆಕ್ಸಿಜನ್ ಅನ್ನು ತಾವೇ ಬಳಸಿಬಿಡುತ್ತವೆ.

ಸಂತೆಯಿಂದ ತಂದ ಕಟ್ಟಿನಲ್ಲಿ ಬಲಿತ ಕಡ್ಡಿಗಳನ್ನು ಆರಿಸಿ. ಮೂರು-ನಾಲ್ಕು ಗೆಣ್ಣುಗಳಿರುವಂತೆ 10-15 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಬಸವನಹುಳು ಅಥವಾ ಅದರ ಮೊಟ್ಟೆ ಇಲ್ಲವೆಂದು ನೋಡಿ, ತೊಳೆದು ನೆಡಿ. ಎರಡು ಗೆಣ್ಣು ಮಣ್ಣಿನೊಳಗಿರಲಿ. ಬೇರು ಬಿಡುವವರೆಗೆ ನೆರಳು; ಆಮೇಲೆ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು. ಕುಡಿ ಚೆನ್ನಾಗಿ ಬೆಳೆದ ಮೇಲೆ, ಬುಡದ ಎರಡು ಗೆಣ್ಣು ಬಿಟ್ಟು ಕೊಯ್ಯಿರಿ, ಮತ್ತೆ ಚಿಗುರುತ್ತದೆ. ನೆಟ್ಟ ಕಡ್ಡಿಯಲ್ಲಿದ್ದ ಹಳೆಯ ಎಲೆ ತಿನ್ನಬೇಡಿ. ಹೊಸ ಚಿಗುರು ಮಾತ್ರ ನಿಮ್ಮ ನೀರಿನದು.

ಮಣ್ಣು ಸದಾ ಒದ್ದೆಯಾಗಿರಲಿ, ಆದರೆ ಅದರ ಮೇಲೆ ನೀರು ನಿಲ್ಲುವುದು ಬೇಡ. ಬೇರಿಗೆ ಗಾಳಿ ಸಿಗುವುದಷ್ಟೇ ಇದರ ಲಾಭವಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮರಿ ಮಾಡುತ್ತದೆ; ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಟ್ರೇಯ ಕೆಳಗೆ ತಟ್ಟೆ ಇಟ್ಟಿದ್ದರೆ ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ಒಣಗಿಸಿ.

ನಾಲ್ಕು ತಾಲ್ಲೂಕು, ಹಲವು ನೀರು

ಶ್ರೀರಂಗಪಟ್ಟಣದ ಹಳೆಯ ಕಾಲುವೆಗಳು, ಪಾಂಡವಪುರದ ಕಡೆಗೆ ಹರಿಯುವ ವಿಶ್ವೇಶ್ವರಯ್ಯ ನಾಲೆ, ತೊಣ್ಣೂರು ಕೆರೆ, ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ ನಾಲೆ – ಇವು ಕಾವೇರಿ, ಹೇಮಾವತಿ ಮತ್ತು ಮಳೆಯ ನೀರು. ಲವಣ ಕಡಿಮೆ, ಆದರೆ ಊರಿನ ಚರಂಡಿ, ಗದ್ದೆಯ ಕೀಟನಾಶಕ ಸೇರುವ ಜಾಗದಲ್ಲಿ ಮಾಲಿನ್ಯ ಹೆಚ್ಚು. ನಾಲೆಗೆ ನೀರು ನಿಲ್ಲಿಸಿದಾಗ ಉಳಿಯುವ ಗುಂಡಿಗಳಲ್ಲಂತೂ ಇದು ಇನ್ನೂ ದಟ್ಟವಾಗುತ್ತದೆ. ನಾಗಮಂಗಲದ ಮಳೆಯಾಶ್ರಿತ ಭಾಗದಲ್ಲಿ ಕೊಳವೆಬಾವಿಯೇ ಆಧಾರ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಚರಂಡಿಯ ಕೊಳೆ ಕಡಿಮೆ ಇರಬಹುದು, ಲವಣ ಹೆಚ್ಚಿರಬಹುದು.

ಗಡಸು ನೀರು ಬಳಸುವವರು ಒಂದು ಲೆಕ್ಕ ಗಮನಿಸಬೇಕು. ಟ್ರೇಯಲ್ಲಿ 5 ಲೀಟರ್ ನೀರಿದೆ, ಲೀಟರಿಗೆ 800 ಮಿಲಿಗ್ರಾಂ ಲವಣ ಎಂದುಕೊಳ್ಳಿ: ಒಟ್ಟು 4,000 ಮಿಲಿಗ್ರಾಂ. ದಿನಕ್ಕೆ ಅರ್ಧ ಲೀಟರ್ ಆವಿಯಾಗುತ್ತದೆ, ನೀವು ಅಷ್ಟೇ ಸುರಿಯುತ್ತೀರಿ. ಹತ್ತು ದಿನದಲ್ಲಿ ಇನ್ನೂ 4,000 ಮಿಲಿಗ್ರಾಂ ಸೇರಿತು. ನೀರು ಮಾತ್ರ ಅದೇ 5 ಲೀಟರ್! ಸಸ್ಯ ಹೀರಿದ್ದನ್ನು ಬಿಟ್ಟರೆ ಸಾಂದ್ರತೆ ಹೆಚ್ಚುಕಡಿಮೆ ಇಮ್ಮಡಿ. ಇದಕ್ಕೆ ಪರಿಹಾರ: ವಾರಕ್ಕೊಮ್ಮೆ ಧಾರಾಳವಾಗಿ ನೀರು ಹಾಯಿಸಿ ತೂತಿನಿಂದ ಹೊರಹರಿಯಲು ಬಿಡಿ. ಮಳೆಯ ನೀರು ಹಿಡಿದಿಟ್ಟಿದ್ದರೆ ಅದೇ ಉತ್ತಮ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಕರಗಿದ ಒಟ್ಟು ಲವಣದ ಅಪೇಕ್ಷಣೀಯ ಮಿತಿ ಲೀಟರಿಗೆ 500 ಮಿಲಿಗ್ರಾಂ, ಫ್ಲೋರೈಡಿಗೆ 1 ಮಿಲಿಗ್ರಾಂ. ನಿಮ್ಮ ಕೊಳವೆಬಾವಿಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಆ ಅಂಕಿಗಳು ಸೊಪ್ಪಿಗಿಂತ ಹೆಚ್ಚಾಗಿ ನಿಮಗೇ ಬೇಕಾದವು.

ತರಗತಿಗೊಂದು ಪ್ರಯೋಗ

ಒಂದೇ ಅಳತೆಯ ಮೂರು ಬಾಟಲಿಗಳಿಗೆ ಕುದಿಸಿ ಆರಿಸಿದ ನೀರು ತುಂಬಿ. ಪ್ರತಿಯೊಂದಕ್ಕೂ ಒಂದೇ ಗಿಡದ ಸಮನಾದ ಮೂರು ಕಡ್ಡಿ ಇಡಿ. ಮೊದಲನೆಯದರ ನೀರಿನ ಮೇಲೆ ಅಡುಗೆ ಎಣ್ಣೆಯ ತೆಳು ಪದರ ಹರಡಿ. ಎರಡನೆಯದನ್ನು ಹಾಗೆಯೇ ಬಿಡಿ. ಮೂರನೆಯದರ ನೀರನ್ನು ದಿನವೂ ಇನ್ನೊಂದು ಪಾತ್ರೆಗೆ, ಕಾಫಿ ಆರಿಸುವ ಹಾಗೆ, ಎತ್ತರದಿಂದ ಹತ್ತು ಸಲ ಸುರಿದು ಮತ್ತೆ ತುಂಬಿ. ಬಾಟಲಿಗಳಿಗೆ ಕಪ್ಪು ಕಾಗದ ಸುತ್ತಿ; ಇಲ್ಲದಿದ್ದರೆ ಪಾಚಿ ಬೆಳೆದು ತಾನೇ ಆಕ್ಸಿಜನ್ ಬಿಡುತ್ತದೆ. ಬಾಯಿಗೆ ತೆಳುಬಟ್ಟೆ ಕಟ್ಟಿ. 7ನೆಯ ಮತ್ತು 14ನೆಯ ದಿನ ಬೇರುಗಳ ಸಂಖ್ಯೆ, ಉದ್ದ, ಬಣ್ಣ ಹಾಗೂ ಅವು ಯಾವ ಗೆಣ್ಣಿನಿಂದ ಹೊರಟಿವೆ ಎಂಬುದನ್ನು ಬರೆದಿಡಿ. ಫಲಿತಾಂಶವನ್ನು ಮೊದಲೇ ಹೇಳದೆ ವಿದ್ಯಾರ್ಥಿಗಳಿಂದಲೇ ಊಹೆ ಬರೆಸಿ, ಆಮೇಲೆ ಹೋಲಿಸಿ.

ಶಾಲೆಯ ಅಂಗಳದಲ್ಲಿ ನಾಲ್ಕು ಟ್ರೇ ಇಟ್ಟರೆ ಬಿಸಿಯೂಟದ ಸಾರಿಗೂ ಆಗಾಗ ಒಂದು ಹಿಡಿ ಸೊಪ್ಪು ಸಿಗುತ್ತದೆ. ಅದಕ್ಕಿಂತ ದೊಡ್ಡ ಲಾಭವೊಂದಿದೆ. ಕಾಲುವೆಯ ಅಂಚಿನಲ್ಲಿ ಹಸಿರಾಗಿ ಕಾಣುವ ಸೊಪ್ಪನ್ನು ಕೀಳುವ ಮುನ್ನ 'ಈ ನೀರು ಎಲ್ಲಿಂದ ಬಂತು, ಇದಕ್ಕೆ ಏನೇನು ಸೇರಿತು?' ಎಂದು ಮಕ್ಕಳು ಕೇಳಲು ಕಲಿಯುತ್ತಾರೆ.