ವಕೀಲರ ಸನದು: ಮುಂಬೈಯ ನಂಬಿಕೆಗಳು, ಕಾನೂನಿನ ಮಾತು

ಸೊಸೈಟಿ ರೀಡೆವಲಪ್‌ಮೆಂಟಿನ ಜಗಳವಿರಲಿ, ಪಗಡಿ ಮನೆಯ ತಕರಾರಿರಲಿ, ಹೋಟೆಲಿನ ಪಾಲುದಾರರ ಒಡಕಿರಲಿ, ಮುಂಬೈ ಕನ್ನಡಿಗರು ವಕೀಲರ ವಿಚಾರವನ್ನು ಮೊದಲು ಊರವರ ಬಳಿ ಕೇಳುತ್ತಾರೆ, ಆಮೇಲೆ ಗೂಗಲ್ ನೋಡುತ್ತಾರೆ. ಅಲ್ಲಿ ಕೆಟ್ಟದ್ದೇನೂ ಸಿಗದಿದ್ದರೆ 'ಅವರ ಮೇಲೆ ಯಾವ ಕೇಸೂ ಇಲ್ಲ' ಎಂದು ನಿಶ್ಚಿಂತರಾಗುತ್ತಾರೆ. ಇದೇ ಮೊದಲ ತಪ್ಪು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟೇಟ್ ಬಾರ್‌ನ ತಾಣದಲ್ಲಿ ವಕೀಲರ ಹೆಸರು ಹಾಕಿದರೆ ಅವರಿಗೆ ಆದ ಶಿಕ್ಷೆಯ ವಿವರ ಬರುತ್ತದೆ. ಇಂಥ ಸೌಲಭ್ಯ ನಮ್ಮ ಜನಸಾಮಾನ್ಯರ ಕೈಗೆ ಇನ್ನೂ ಬಂದಿಲ್ಲ. ಹಾಗೆಂದು ದಾಖಲೆಯೇ ಇಲ್ಲವೆಂದಲ್ಲ. 1961ರ ವಕೀಲರ ಕಾಯ್ದೆಯ 35ನೇ ಕಲಮಿನ ಪ್ರಕಾರ ರಾಜ್ಯ ಬಾರ್ ಕೌನ್ಸಿಲಿನ ಶಿಸ್ತು ಸಮಿತಿ ಛೀಮಾರಿ ಹಾಕಬಹುದು, ಕೆಲ ಕಾಲ ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಅಮಾನತಾದವರು ದೇಶದ ಯಾವ ನ್ಯಾಯಾಲಯದಲ್ಲೂ ವಾದಿಸುವಂತಿಲ್ಲ. ಈ ಆದೇಶಗಳೆಲ್ಲ ಕಡತದಲ್ಲಿರುತ್ತವೆ.

'ಅಂಧೇರಿ ಕೋರ್ಟಿನ ಬಾರ್ ರೂಮಿನಲ್ಲಿ ಕೇಳಿದರೆ ಗೊತ್ತಾಗುತ್ತದೆ' ಎನ್ನುವವರೂ ಇದ್ದಾರೆ. ಬಾರ್ ಅಸೋಸಿಯೇಷನ್ ವಕೀಲರ ಸಂಘ. ಸನದಿನ, ಅಂದರೆ ವಕೀಲಿ ಪರವಾನಗಿಯ, ಮೇಲೆ ಅದಕ್ಕೆ ಅಧಿಕಾರವಿಲ್ಲ. ಅಧಿಕಾರವಿರುವುದು ಬಾರ್ ಕೌನ್ಸಿಲ್ ಆಫ್ ಮಹಾರಾಷ್ಟ್ರ ಅಂಡ್ ಗೋವಾಕ್ಕೆ. ಅದೂ ತನ್ನ ಪಟ್ಟಿಯಲ್ಲಿರುವವರ ಮೇಲೆ ಮಾತ್ರ. ನೋಂದಣಿ ಸಂಖ್ಯೆ 'ಎಂಎಎಚ್' ಎಂದು ಶುರುವಾದರೆ ಕಡತ ಇಲ್ಲಿ, 'ಕೆಎಆರ್' ಎಂದಿದ್ದರೆ ಬೆಂಗಳೂರಿನಲ್ಲಿ. ಮುಂಬೈಯಲ್ಲಿ ವಾದಿಸುತ್ತಾರೆಂಬ ಮಾತ್ರಕ್ಕೆ ಅವರು ಮಹಾರಾಷ್ಟ್ರದ ಪಟ್ಟಿಯಲ್ಲೇ ಇರಬೇಕೆಂದಿಲ್ಲ.

ಗುಟ್ಟು ಹೊರಬರುವುದೇ ಇಲ್ಲ ಎಂಬ ನಂಬಿಕೆಗೆ ಮುಂಬೈಯೇ ಉತ್ತರ ಕೊಟ್ಟಿದೆ. ಅರವತ್ತರ ದಶಕದಲ್ಲಿ ಇಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟಿನ ಬಾಗಿಲಲ್ಲೇ ನಿಂತು, ಬರುವ ಕಕ್ಷಿದಾರರ ಮೇಲೆ ಮುಗಿಬಿದ್ದು ಕೇಸು ಕಿತ್ತುಕೊಳ್ಳುತ್ತಿದ್ದರೆಂಬ ಆರೋಪ ಕೆಲವು ವಕೀಲರ ಮೇಲೆ ಬಂತು. ರಾಜ್ಯದ ಶಿಸ್ತು ಸಮಿತಿ ತಪ್ಪಿತಸ್ಥರೆಂದಿತು, ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಸಮಿತಿ ಬಿಟ್ಟುಬಿಟ್ಟಿತು. ರಾಜ್ಯ ಕೌನ್ಸಿಲ್ ಸುಮ್ಮನಾಗದೆ ಸುಪ್ರೀಂ ಕೋರ್ಟಿಗೆ ಹೋಯಿತು. 1975ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪಿನಲ್ಲಿ ವೃತ್ತಿಯ ಘನತೆಯ ಬಗ್ಗೆ ಖಾರವಾದ ಮಾತುಗಳಿವೆ. ಇವತ್ತಿಗೂ ಅದನ್ನು ಯಾರು ಬೇಕಾದರೂ ಓದಬಹುದು. ಅಂದರೆ ಶಿಸ್ತಿನ ಪ್ರಕರಣ ಮೇಲ್ಮನವಿಯಾಗಿ ದೆಹಲಿ ತಲುಪಿದರೆ ಹೆಸರು ಸಮೇತ ತೀರ್ಪು ಸುಪ್ರೀಂ ಕೋರ್ಟಿನ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಅಲ್ಲಿಯವರೆಗೆ ಹೋಗುವವು ಕೆಲವೇ. ಆದ್ದರಿಂದ ಅಲ್ಲಿ ಹೆಸರಿಲ್ಲದಿದ್ದರೂ ನೂರಕ್ಕೆ ನೂರು ಭರವಸೆ ಬೇಡ.

ಉಳಿದದ್ದಕ್ಕೆ ಬಾರ್ ಕೌನ್ಸಿಲಿಗೆ ಲಿಖಿತವಾಗಿ ಕೇಳಬೇಕು. ಅದು ಕಾಯ್ದೆಯಿಂದಲೇ ಹುಟ್ಟಿದ ಸಂಸ್ಥೆಯಾದ್ದರಿಂದ ಮಾಹಿತಿ ಹಕ್ಕಿನ ದಾರಿಯೂ ಇದೆ. ವೈಯಕ್ತಿಕ ಮಾಹಿತಿ, ವಿಚಾರಣೆ ಬಾಕಿ ಎಂಬ ಕಾರಣಗಳಿಗೆ ನಿರಾಕರಣೆಯೂ ಬರಬಹುದು. ಪ್ರಶ್ನೆ ನೇರವಾಗಿರಲಿ: ಈ ಸಂಖ್ಯೆಯ ಸನದು ಈಗ ಚಾಲ್ತಿಯಲ್ಲಿದೆಯೇ, ಶಿಕ್ಷೆಯ ಅಂತಿಮ ಆದೇಶವೇನಾದರೂ ಆಗಿದೆಯೇ?

ಕೇಸಿಲ್ಲವೆಂದು ನಿಶ್ಚಿಂತರಾಗುವುದಕ್ಕೆ ತಿರುವುಮುರುವಾದ ತಪ್ಪೂ ಉಂಟು. ದೂರು ಬಿದ್ದಿದೆ ಎಂದ ಕೂಡಲೇ ಕಳ್ಳ ವಕೀಲ ಎಂದುಬಿಡುವುದು! ಸೋತ ಕಕ್ಷಿದಾರರ ಸಿಟ್ಟು ಎದುರು ಪಕ್ಷದ ವಕೀಲರ ಮೇಲೆ ತಿರುಗುವುದು ಹೊಸದೇನಲ್ಲ. ಹಾಗಾಗಿ ನೋಡಬೇಕಾದದ್ದು ಅಂತಿಮ ಆದೇಶವನ್ನು.

ದೂರುದಾರ ರಾಜಿಯಾದರೆ ಕಡತ ಮುಚ್ಚಿತು ಎಂಬುದೂ ಸುಳ್ಳು. ರಾಜಿಯಾಯಿತು, ದೂರು ಹಿಂದೆಗೆದರು ಎಂಬ ಒಂದೇ ಕಾರಣಕ್ಕೆ ಪ್ರಕರಣ ಕೈಬಿಡುವಂತಿಲ್ಲವೆಂದು ನಿಯಮವೇ ಹೇಳುತ್ತದೆ. ಒಂದು ವರ್ಷದಲ್ಲಿ ರಾಜ್ಯ ಸಮಿತಿ ಇತ್ಯರ್ಥ ಮಾಡದಿದ್ದರೆ ಅದು ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ಹೋಗುತ್ತದೆ. ಗ್ರಾಹಕ ನ್ಯಾಯಾಲಯದ ಬಾಗಿಲನ್ನಂತೂ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಗೆ ಒಳಪಡುವುದಿಲ್ಲ.

ವಕಾಲತ್ತುನಾಮೆಗೆ ಸಹಿ ಹಾಕುವ ಮುನ್ನ ವಕೀಲರ ನೋಂದಣಿ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಕೇಳಲು ಸಂಕೋಚ ಬೇಡ.