ಮನೆಯ ಕೊಳದಲ್ಲಿಯ ಸಾಲ್ವೀನಿಯ ಕಳೆ: ಅದರ ಸ್ವರೂಪವೂ ನಿವಾರಣೋಪಾಯವೂ

ಶಿಗ್ಗಾವಿ ತಾಲೂಕಿನ ದುಂಡಸಿ ಭಾಗವು ಮಲೆನಾಡಿನ ಸೆರಗಿಗೆ ಹೊಂದಿಕೊಂಡಿರತಕ್ಕದ್ದು. ಈ ಸೀಮೆಯಲ್ಲಿ ಕೆರೆಯ ನೀರನ್ನು ನಂಬಿ ಬತ್ತ ಬೆಳೆಯುವ ಒಕ್ಕಲಿಗರು ಬಹುಕಾಲದಿಂದ ಇದ್ದಾರೆ. ಈಚೆಗೆ ಹೊಲಗಳಲ್ಲಿ ಕೃಷಿಹೊಂಡಗಳೂ ಆಗಿವೆ. ಇಂಥ ನಾಡಿನಲ್ಲಿ, ಅಲಂಕಾರಕ್ಕೆಂದು ಮನೆಯ ತೊಟ್ಟಿಯಲ್ಲಿಟ್ಟ ಒಂದು ಹಿಡಿ ತೇಲುಗಿಡವು ಹಳ್ಳವನ್ನು ಸೇರಿದರೆ, ಅದರ ನಷ್ಟವು ಇಟ್ಟವನೊಬ್ಬನಿಗೇ ನಿಲ್ಲದೆ ಕೆರೆಯ ಕೆಳಗಣ ಗದ್ದೆಗಳವರಿಗೆಲ್ಲ ತಟ್ಟುವದು. ಆದಕಾರಣ ಸಾಲ್ವೀನಿಯ ಎಂಬ ಕಳೆಯ ವಿಚಾರವನ್ನು ಎಲ್ಲರೂ ಅರಿತಿರುವದು ಒಳ್ಳೆಯದು.

ಕಳೆಯ ಗುರುತು.— ಇದು ಹೂ ಬಿಡದ, ಜರಿಗಿಡದ ಜಾತಿಗೆ ಸೇರಿದ ಸಸ್ಯ. ಪ್ರತಿಯೊಂದು ಗೆಣ್ಣಿನಲ್ಲಿ ಮೂರು ಎಲೆಗಳಿರುವವು. ಎರಡು ನೀರಿನ ಮೇಲೆ ತೇಲುವವು. ಮೂರನೆಯದು ಸೀಳಿ ಸೀಳಿ ಬೇರಿನಂತೆ ಕೆಳಗೆ ಇಳಿಬಿದ್ದಿರುವದು. ತೇಲುವ ಎಲೆಗಳ ಮೇಲಣ ಸಣ್ಣ ರೋಮಗಳು ನೀರನ್ನು ಅಂಟಗೊಡುವದಿಲ್ಲ. ಇದರ ಮೂಲಸ್ಥಾನವು ದಕ್ಷಿಣ ಅಮೇರಿಕದ ಬ್ರೆಜಿಲ್ ದೇಶದ ಆಗ್ನೇಯ ಭಾಗ. ಆಫ್ರಿಕದ ಕರಿಬಾ ಜಲಾಶಯದಲ್ಲಿ ೧೯೬೦ರ ಸುಮಾರಿಗೆ ಇದು ವಿಪರೀತವಾಗಿ ಹಬ್ಬಿತು. ನೆರೆಯ ಕೇರಳದಲ್ಲಿ ಇದನ್ನು ಆಫ್ರಿಕನ್ ಪಾಯಲ್ ಎನ್ನುವರು. ಅಲ್ಲಿಯ ಕಾಲುವೆಗಳಿಗೂ ಬತ್ತದ ಗದ್ದೆಗಳಿಗೂ ಇದು ದೊಡ್ಡ ಪೀಡೆಯಾಯಿತು.

ಹಬ್ಬುವ ರೀತಿ.— ಈ ಗಿಡಕ್ಕೆ ಮೊಳೆಯತಕ್ಕ ಬೀಜವಿಲ್ಲ. ಇದು ತುಂಡಿನಿಂದಲೇ ಬೆಳೆಯುವದು. ಮೊಗ್ಗುಳ್ಳ ಒಂದು ಗೆಣ್ಣು ಉಳಿದರೂ ಸಾಕು. ನೀರು ಬೆಚ್ಚಗಿದ್ದು ಗೊಬ್ಬರದ ಸತ್ವವುಳ್ಳದ್ದಾಗಿದ್ದರೆ, ಒಂದು ವಾರದೊಳಗೆ ಇಮ್ಮಡಿಯಾಗಬಲ್ಲದು. ಸಮುದ್ರದ ನೀರಿನ ಗಾಜಿನ ತೊಟ್ಟಿಗಳಲ್ಲಿ ಸಾಕುವ ಕೆಲವು ಮೃದುಹವಳಗಳ ರೀತಿಯೂ ಹೀಗೆಯೇ ಇದೆ. ಚೂರಾದಷ್ಟೂ ಚೂರುಗಳೆಲ್ಲ ಬೇರೆ ಬೇರೆಯಾಗಿ ನೆಲೆಗೊಳ್ಳುವವು. ಆದುದರಿಂದ ಎರಡು ಕಡೆಗೂ ಸೂತ್ರ ಒಂದೇ: ಅವಸರದಿಂದ ಹರಿದು ಕೆದರಬಾರದು.

ಇದು ಕೊಳವನ್ನು ಮುಚ್ಚಿದ ಮೇಲೆ ಬೆಳಕು ಕೆಳಗಿಳಿಯದು. ನೀರಿನಲ್ಲಿಯ ಪ್ರಾಣವಾಯು ಕುಂದಿ ಮೀನುಗಳು ಸಾಯುವವು. ಪಂಪಿನ ಬಾಯಿಯೂ ಕಾಲುವೆಯೂ ಕಟ್ಟಿಕೊಳ್ಳುವವು.

ಕೈಯಿಂದ ತೆಗೆಯುವ ಕ್ರಮ.— ಮೊದಲು ನೀರು ಹೊರಬೀಳುವ ತೂಬಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಕಟ್ಟತಕ್ಕದ್ದು. ಗಾಳಿಯು ಕಳೆಯನ್ನು ಒಂದು ದಡಕ್ಕೆ ತಳ್ಳಿದಾಗ, ಬಿದಿರಿನ ಬೊಂಬುಗಳನ್ನು ಹಗ್ಗದಿಂದ ಸೇರಿಸಿ ತೇಲಬಿಟ್ಟು ಅದನ್ನು ಅಲ್ಲಿಯೇ ತಡೆಹಿಡಿದು, ಬಲೆಯಿಂದ ಅಡಿಗೂಡಿ ಎತ್ತಬೇಕು. ಎತ್ತಿದ್ದನ್ನು ನೀರಿನಿಂದ ದೂರ, ಮಳೆಯ ನೀರು ಮರಳಿ ಹೊಂಡಕ್ಕೆ ಹರಿಯದ ಸ್ಥಳದಲ್ಲಿ, ಪೂರ್ಣವಾಗಿ ಒಣಗಿಸಿ ಬಳಿಕ ತಿಪ್ಪೆಗೆ ಹಾಕಬಹುದು. ಅನಂತರ ನಾಲ್ಕೈದು ದಿನಗಳಿಗೊಮ್ಮೆ ಅಂಚುಗಳನ್ನು ನೋಡಿ ಉಳಿದ ಚೂರುಗಳನ್ನು ಆರಿಸತಕ್ಕದ್ದು. ಈ ಎರಡನೆಯ ಕೆಲಸವನ್ನು ಬಿಟ್ಟರೆ ಮೊದಲನೆಯದು ವ್ಯರ್ಥ. ಚಿಕ್ಕ ತೊಟ್ಟಿಯಾದರೆ ಮೀನುಗಳನ್ನು ಬೇರೆಡೆಗಿಟ್ಟು, ನೀರನ್ನು ಒಣ ನೆಲಕ್ಕೆ ಚೆಲ್ಲಿ, ತೊಟ್ಟಿಯನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸುವದೇ ಸುಲಭೋಪಾಯ.

ಮೈಲುತುತ್ತವನ್ನಾಗಲಿ ಕಳೆನಾಶಕವನ್ನಾಗಲಿ ತಾವೇ ಸುರಿಯಕೂಡದು. ತಾಮ್ರವು ಮೀನಿಗೆ ವಿಷ. ಅದಲ್ಲದೆ ಕಳೆಯೆಲ್ಲ ಒಮ್ಮೆಗೇ ಸತ್ತು ಕೊಳೆತರೆ, ಉಳಿದಿದ್ದ ಪ್ರಾಣವಾಯುವೂ ಹೋಗುವದು.

ಹುಳದಿಂದ ನಿವಾರಣೆ.— ಈ ಕಳೆಗೆ ಅದರ ತೌರಿನಲ್ಲಿಯೇ ಒಂದು ವೈರಿಯುಂಟು. ಸರ್ಟೊಬೇಗಸ್ ಸಾಲ್ವೀನಿಯೇ ಎಂಬ ಆ ಸೊಂಡಿಲಹುಳದ ಉದ್ದವು ಸುಮಾರು ೨ ಮಿಲಿಮೀಟರ್. ದೊಡ್ಡ ಹುಳವು ಮೊಗ್ಗನ್ನು ತಿನ್ನುವದು. ಮರಿಹುಳವು ಕಾಂಡದೊಳಗೆ ಕೊರೆಯುವದು. ಗಿಡವು ಕಂದಿ ಮುಳುಗುವದು. ೧೯೮೦ರಲ್ಲಿ ಆಸ್ಟ್ರೇಲಿಯದ ಮೂಂಡಾರಾ ಸರೋವರದಲ್ಲಿ ಇದನ್ನು ಬಿಟ್ಟಾಗ, ಒಂದು ವರುಷಕ್ಕೆ ತುಸು ಹೆಚ್ಚಿನ ಅವಧಿಯಲ್ಲಿ ಕಳೆಯು ಬಹುಮಟ್ಟಿಗೆ ನಾಶವಾಯಿತು. ನಮ್ಮ ನಾಡಿನಲ್ಲಿಯೂ ೧೯೮೩-೮೪ರಲ್ಲಿ ಬೆಂಗಳೂರಿನ ಒಂದು ನೈದಿಲೆಯ ಕೊಳದಲ್ಲಿ ಇದನ್ನು ಬಿಡಲಾಯಿತು. ೧೧ ತಿಂಗಳೊಳಗೆ ಕಳೆಯು ಕುಸಿದುಬಿದ್ದು, ಅದರಡಿಯಲ್ಲಿ ಸೊರಗಿದ್ದ ನೈದಿಲೆಯು ಮತ್ತೆ ಚಿಗುರಿತು. ಮುಂದೆ ಕೇರಳದಲ್ಲಿಯೂ ಇದರಿಂದ ಒಳ್ಳೆಯ ಫಲ ದೊರೆಯಿತು.

ಆದರೆ ಹುಳವು ಒಂದೆರಡು ವಾರಗಳಲ್ಲಿ ಕೆಲಸ ಮುಗಿಸುವ ಔಷಧವಲ್ಲ. ಅದು ಹೆಚ್ಚಬೇಕಾದರೆ ಕಾಲವೂ ಆಹಾರವೂ ಬೇಕು. ಆದಕಾರಣ ಹುಳ ಬಿಟ್ಟ ಕೊಳದಲ್ಲಿ ಕಳೆಯನ್ನೆಲ್ಲ ಕೈಯಿಂದ ಬಳಿದುಹಾಕಬಾರದು. ಚಿಕ್ಕ ತೊಟ್ಟಿಗೆ ಕೈಗೆಲಸವೇ ಸಾಕು. ಹುಳದ ಉಪಾಯವು ದೊಡ್ಡ ಕೆರೆಗೆ ತಕ್ಕುದು. ಅಂಥ ಪ್ರಸಂಗ ಬಂದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನಾಗಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರನ್ನಾಗಲಿ ಕೇಳಿ, ಕಳೆಯ ಜಾತಿಯನ್ನು ಮೊದಲು ನಿಶ್ಚಯಿಸಿಕೊಳ್ಳತಕ್ಕದ್ದು; ಅಂತರಗಂಗೆಗೆ ಈ ಹುಳವು ಉಪಯೋಗಕ್ಕೆ ಬಾರದು.

ಮುನ್ನೆಚ್ಚರಿಕೆ.— ಪೇಟೆಯಿಂದ ತಂದ ನೀರುಗಿಡವನ್ನು ಎರಡು ಮೂರು ವಾರ ಬೇರೆ ಬೋಗುಣಿಯಲ್ಲಿಟ್ಟು ಪರೀಕ್ಷಿಸಿ, ಅನಂತರ ಕೊಳಕ್ಕೆ ಬಿಡಬೇಕು. ಬಲೆ ಬಕೀಟುಗಳನ್ನು ಒಣಗಿಸದೆ ಮತ್ತೊಂದು ನೀರಿಗೆ ಅದ್ದಬಾರದು. ತೊಟ್ಟಿ ಬೇಸರವಾದಾಗ ಗಿಡವನ್ನು ಹಳ್ಳಕ್ಕೆ ಎಸೆಯುವ ರೂಢಿಯನ್ನಂತೂ ಸರ್ವಥಾ ಬಿಡತಕ್ಕದ್ದು. ಬೋಗುಣಿಯಲ್ಲಿದ್ದಾಗ ಒಂದು ಹಿಡಿಯಲ್ಲಿ ತೀರುವ ಕೆಲಸವು, ಕೆರೆಗಿಳಿದ ಮೇಲೆ ಊರೆಲ್ಲ ಕೂಡಿದರೂ ಒಂದು ಸುಗ್ಗಿಗೆ ತೀರದು.