ಬೆಕ್ಕಿಗೆ ಹಾಲು-ರೊಟ್ಟಿ ಸಾಕೆ?

ಗೋಕಾಕ ಸೀಮೆಯ ಕೊಣ್ಣೂರಿನಂಥ ಊರುಗಳಲ್ಲಿ, ಹಾಲಿನಲ್ಲಿ ಮುರಿದು ನೆನೆಸಿದ ಜೋಳದ ರೊಟ್ಟಿಯೇ ಬೆಕ್ಕಿನ ಊಟವೆಂದು ಬಹುಜನರ ನಂಬಿಕೆ. ಅದನ್ನುಂಡ ಬೆಕ್ಕುಗಳು ದುಂಡಗೆ ಬೆಳೆದದ್ದೂ ನಿಜ. ಆದರೆ ಆ ಪುಷ್ಟಿಯ ಕೀರ್ತಿ ರೊಟ್ಟಿಗಿಂತ ಹೆಚ್ಚಾಗಿ ಕಾಳಿನ ಚೀಲಗಳ ಸಂದಿಯ ಇಲಿಗಳಿಗೆ ಸಲ್ಲಬೇಕು! ಪಟ್ಟಣದ ಮಹಡಿಮನೆ ಸೇರಿದ ಬೆಕ್ಕಿಗೆ ಇಲಿ ತಪ್ಪಿತು. ರೊಟ್ಟಿ ಮಾತ್ರ ಉಳಿಯಿತು.

ಬೆಕ್ಕು ಹುಟ್ಟು ಮಾಂಸಾಹಾರಿ. ಟಾರಿನ್ ಎಂಬ ವಸ್ತುವನ್ನು ನಾಯಿಯ ದೇಹ ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ; ಬೆಕ್ಕಿಗೆ ಆ ಶಕ್ತಿ ಸಾಲದು. ಅದು ಮಾಂಸ, ಮೀನುಗಳಲ್ಲಿ ಉಂಟು. ಧಾನ್ಯದಲ್ಲಿಲ್ಲ, ಹಾಲಿನಲ್ಲಿ ಅತ್ಯಲ್ಪ. ಹಾಲಿನ ಸಸಾರಜನಕವಾದ ಕೇಸೀನನ್ನೇ ತಿನ್ನಿಸಿ ಸಾಕಿದ ಬೆಕ್ಕುಗಳ ಅಕ್ಷಿಪಟಲ ಕ್ಷಯಿಸಲು ಟಾರಿನ್ನಿನ ಕೊರತೆಯೇ ಕಾರಣವೆಂದು 1975ರಲ್ಲಿ ಅಮೆರಿಕದ ವಿಜ್ಞಾನಿಗಳು ವರದಿ ಮಾಡಿದರು. ಇದೇ ಕೊರತೆಯಿಂದ ಹೃದಯವೂ ಹಿಗ್ಗಿ ಸೋಲುವುದೆಂದು 1987ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ತೋರಿಸಿದರು. ಸಕಾಲದಲ್ಲಿ ಟಾರಿನ್ ಕೊಟ್ಟರೆ ಹೃದಯ ಚೇತರಿಸಿಕೊಳ್ಳಬಹುದು. ಹೋದ ದೃಷ್ಟಿ ಮರಳಿ ಬಾರದು.

ಹಾಗಾದರೆ ಶಾಕಾಹಾರಿಗಳ ಮನೆಯಲ್ಲಿ? ಮನೆಯವರ ವ್ರತವನ್ನು ಬೆಕ್ಕಿನ ಮೇಲೂ ಹೊರಿಸುವುದು ನನಗೆ ಸರಿಕಾಣದು. ಅಡಿಗೆಮನೆಗೆ ಮಾಂಸ ಬರಕೂಡದೆಂದರೆ, ಟಾರಿನ್ ಸೇರಿಸಿದ ಸಿದ್ಧ ಆಹಾರ ಅಂಗಡಿಯಲ್ಲಿ ದೊರೆಯುತ್ತದೆ. ಬೆಕ್ಕಿಗೆಂದೇ ತಯಾರಿಸಿದ ಪೂರ್ಣಾಹಾರವೆಂಬ ಬರಹ ನೋಡಿ ಕೊಳ್ಳಬೇಕು. ನಾಯಿಯ ತಿನಿಸು ಅದಕ್ಕೆ ಬದಲಾಗದು. ಅದರೊಡನೆ ಕೋಳಿಯನ್ನೋ ಮೀನನ್ನೋ ಬೇಯಿಸಿ ಕೊಡುವವರು ಈರುಳ್ಳಿ, ಬೆಳ್ಳುಳ್ಳಿ ಹಾಕಬಾರದು. ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದ ನೀರನ್ನೂ ಚೆಲ್ಲಬಾರದು. ಟಾರಿನ್ ಅದರೊಳಗೆ ಇಳಿದಿರುತ್ತದೆ. ಇನ್ನು ಹಾಲು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಅದು ಅರಗದೆ ಭೇದಿಯಾಗುವುದುಂಟು. ಒಗ್ಗುವ ಬೆಕ್ಕಾದರೆ ರುಚಿಗೆಂದು ಒಂದು ಚಮಚೆ ಕೊಡಬಹುದು; ಪಕ್ಕದಲ್ಲಿ ನೀರಿನ ಬಟ್ಟಲು ಮಾತ್ರ ಸದಾ ತುಂಬಿರಲಿ.